ತಂದೆ ಇಟ್ಟ ಹೆಸರು, ಮಗ ತೋಡಿದ ಬಾವಿ

ದೀಕ್ಷಾಸ್ನಾನದ ವಿಧಿ ಆರಂಭವಾಗುವುದು ಒಂದು ಪ್ರಶ್ನೆಯಿಂದ. ಮಗುವನ್ನು ಎತ್ತಿಕೊಂಡು ದೇವಾಲಯದ ಬಾಗಿಲಲ್ಲಿ ನಿಂತ ತಂದೆತಾಯಿಯರನ್ನು ಗುರುಗಳು ಮೊಟ್ಟಮೊದಲು ಕೇಳುವುದು ಮಗುವಿನ ಹೆಸರನ್ನು. ಹೆಸರು ಮೊದಲು, ನೀರು ಆಮೇಲೆ. ಹೆಸರು ಹಿಡಿದು ಕರೆದ ಮೇಲೆಯೇ ಧರ್ಮಸಭೆ ಆ ಕಂದನನ್ನು ತನ್ನ ಮಡಿಲಿಗೆ ತೆಗೆದುಕೊಳ್ಳುತ್ತದೆ. ಆದರೆ ಆ ಕಂದನ ನೆತ್ತಿಯ ಮೇಲೆ ಬೀಳುವ ನೀರಿಗೂ ಒಂದು ಹೆಸರಿದೆ, ಒಂದು ಊರಿದೆ, ಒಂದು ಹುಟ್ಟು ಇದೆ. ಅದನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಕೆಲವು ವರ್ಷಗಳ ಹಿಂದೆ ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳನ್ನು ಪ್ರಶ್ನಿಸಿದೆ: ಪ್ರಭು ಯೇಸು ದೀಕ್ಷಾಸ್ನಾನ ಪಡೆದ ನದಿ ಯಾವುದು? ಎಲ್ಲರೂ ಒಂದೇ ಕಂಠದಿಂದ ಜೋರ್ಡನ್ ಎಂದರು. ಹಾಗಾದರೆ ಇಲ್ಲಿಗೆ ಬರುವಾಗ ನೀವು ದಾಟಿದ ಹಳ್ಳದ ಹೆಸರೇನು? ತರಗತಿ ಮೌನವಾಯಿತು. ಕೊನೆಗೆ ಒಬ್ಬ ಹುಡುಗ ಸಂಕೋಚದಿಂದ, "ಗಟಾರ, ಫಾದರ್" ಎಂದನು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ಆ ಹಳ್ಳದ ಹೆಸರು ನನಗೂ ತಿಳಿದಿರಲಿಲ್ಲ.

ಆ ದಿನದಿಂದ ನನ್ನನ್ನು ಕಾಡುತ್ತಿರುವ ವಿಚಾರವನ್ನೇ ಇಂದು ಓದುಗ ಬಾಂಧವರ ಮುಂದಿಡುತ್ತಿದ್ದೇನೆ. ನದಿಯ ಹೆಸರು ಕೇವಲ ಅಲಂಕಾರವಲ್ಲ, ನಕಾಶೆಯಲ್ಲಿ ಬರೆದ ಅಕ್ಷರಗಳೂ ಅಲ್ಲ. ಒಂದು ಸಮುದಾಯವು ತನ್ನ ನೀರಿನ ಸುತ್ತ ಹಾಕಿದ ಮೊದಲ ಬೇಲಿ ಅದು. ಹೆಸರು ಮರೆತ ದಿನ ಆ ಬೇಲಿ ಬೀಳುತ್ತದೆ. ಉಳಿದುದೆಲ್ಲ ತಾನಾಗಿ ಹಾಳಾಗುತ್ತದೆ.

ನಮ್ಮ ಗಂಗಾವತಿ ಭಾಗದ ವಿರೂಪಾಪುರಗಡ್ಡೆಯನ್ನೇ ನೋಡೋಣ. ಹಂಪೆಯ ವಿರೂಪಾಕ್ಷ ದೇವಾಲಯದ ಎದುರು, ತುಂಗಭದ್ರೆಯ ಕವಲುಗಳ ನಡುವೆ ಇರುವ ನೆಲ ಅದು. ಗಡ್ಡೆ ಎಂದರೆ ಹೊಳೆಯ ನಡುವಣ ಭೂಮಿ. ಆನೆಗೊಂದಿಯ ಬಳಿಯ ನವವೃಂದಾವನ ಗಡ್ಡೆಯೂ ಅಂಥದೇ. ಈ ಒಂದು ಪದದಲ್ಲಿ ಹಿರಿಯರ ಅನುಭವವೆಲ್ಲ ಅಡಗಿದೆ. ಇದು ನದಿಗೆ ಸೇರಿದ ನೆಲ, ಹೊಳೆ ತುಂಬಿದಾಗ ಸುತ್ತುವರಿಯುವ ನೆಲ, ಇಲ್ಲಿ ಭತ್ತ ಬೆಳೆಯಬಹುದು, ಆದರೆ ಮಳೆಗಾಲದಲ್ಲಿ ನದಿಯ ಅಪ್ಪಣೆ ಕೇಳಿಯೇ ಇರಬೇಕು ಎಂಬ ಎಚ್ಚರಿಕೆ ಆ ಹೆಸರಿನಲ್ಲಿಯೇ ಇದೆ. ಕಾಲಕ್ರಮದಲ್ಲಿ ದೂರದ ಪ್ರವಾಸಿಗರು ಬಂದರು. ಅವರ ನಾಲಿಗೆಗೆ ವಿರೂಪಾಪುರಗಡ್ಡೆ ಎಂಬುದು ಹೊರಳಲಿಲ್ಲ. 'ಹಿಪ್ಪಿ ಐಲ್ಯಾಂಡ್' ಎಂದು ಕರೆದರು. ಕ್ರಮೇಣ ನಮ್ಮವರೂ ಫಲಕಗಳಲ್ಲಿ ಅದನ್ನೇ ಬರೆದರು. ಹೊಸ ಹೆಸರಿನಲ್ಲಿ ಮೋಜಿನ ನೆನಪಿತ್ತು, ಪ್ರವಾಹದ ನೆನಪಿರಲಿಲ್ಲ.

2019ರ ಆಗಸ್ಟ್ ತಿಂಗಳಲ್ಲಿ ಜಲಾಶಯದಿಂದ ಭಾರಿ ಪ್ರಮಾಣದ ನೀರನ್ನು ಹೊರಬಿಟ್ಟಾಗ ನೂರಾರು ಪ್ರವಾಸಿಗರು ಆ ಗಡ್ಡೆಯಲ್ಲಿ ಸಿಲುಕಿಕೊಂಡರು. ಹೆಲಿಕಾಪ್ಟರ್ ಮತ್ತು ದೋಣಿಗಳ ಮೂಲಕ ಅವರನ್ನು ಹೊರತರಬೇಕಾಯಿತು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಹಂಪೆಯ ವಿಶ್ವ ಪರಂಪರೆಯ ಪ್ರದೇಶದಲ್ಲಿ ನಿಯಮಬಾಹಿರವಾಗಿ ಎದ್ದಿದ್ದ ಅಲ್ಲಿಯ ಕಟ್ಟಡಗಳ ತೆರವನ್ನು ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ರೆಸಾರ್ಟ್‌ಗಳು ನೆಲಸಮವಾದವು. ಅಲ್ಲಿ ಅಡುಗೆ ಮಾಡಿ, ಹರಿಗೋಲು ನಡೆಸಿ, ಕೂಲಿ ಮಾಡಿ ಬದುಕುತ್ತಿದ್ದ ಬಡವರ ಅನ್ನವೂ ಆ ಧೂಳಿನೊಡನೆ ಹೋಯಿತು ಎಂಬುದನ್ನು ಮರೆಯಬಾರದು. ಹೆಸರು ಬದಲಾದುದರಿಂದಲೇ ಇದೆಲ್ಲ ಸಂಭವಿಸಿತು ಎಂದು ನಾನು ವಾದಿಸುವುದಿಲ್ಲ. ಅದಕ್ಕೆ ಲಾಭದ ಆಸೆ ಕಾರಣ, ಆಡಳಿತದ ಅಲಕ್ಷ್ಯ ಕಾರಣ. ಆದರೆ ಆ ಆಸೆ ಅಡೆತಡೆಯಿಲ್ಲದೆ ಬೆಳೆಯಬೇಕಾದರೆ ಗಡ್ಡೆ ಎಂಬ ಮಾತು ಮೊದಲು ಮರೆಯಾಗಬೇಕಿತ್ತು. ಅದು ಮರೆಯಾಯಿತು.

ಇನ್ನು ನದಿಯ ಹೆಸರನ್ನು ನೋಡಿ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಕೂಡುತ್ತವೆ. ಆ ಊರಿನ ಹೆಸರೇ ಸಂಗಮದ ಸಾಕ್ಷಿ. ನಮ್ಮ ಭಾಗಕ್ಕೆ ಬಂದಾಗ ಈ ನದಿಗೆ ಪಂಪಾ ಎಂಬ ಹಳೆಯ ಹೆಸರಿದೆ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪಂಪೆ ಕನ್ನಡಿಗರ ಬಾಯಲ್ಲಿ ಹಂಪೆಯಾಯಿತು. ಜಗತ್ಪ್ರಸಿದ್ಧವಾದ ಆ ಊರು ಇಂದಿಗೂ ಹೊತ್ತಿರುವುದು ನದಿಯ ಹೆಸರನ್ನು. ದೊರೆಗಳು ಹೋದರು, ಮಾರುಕಟ್ಟೆ ಹಾಳಾಯಿತು, ಹೆಸರು ಉಳಿಯಿತು. ವಿಜಯನಗರದ ಕಾಲದ ಕಾಲುವೆಗಳಿಗೂ ಒಂದೊಂದು ಹೆಸರಿದೆ: ತುರ್ತು, ರಾಯ, ಬಸವಣ್ಣ, ಬೆಲ್ಲ, ಮೇಲ್ಗಂಗಾವತಿ, ಕೆಳಗಂಗಾವತಿ. ಶತಮಾನಗಳ ಬಳಿಕವೂ ಅವುಗಳಲ್ಲಿ ನೀರು ಹರಿಯುತ್ತಿದೆ.

ಆದರೆ ಇಂದು ನಾವು ಈ ನದಿಯನ್ನು ಏನೆಂದು ಕರೆಯುತ್ತೇವೆ? ಡ್ಯಾಮಿನ ನೀರು ಎನ್ನುತ್ತೇವೆ. ಇಷ್ಟು ಟಿಎಂಸಿ, ಅಷ್ಟು ಕ್ಯುಸೆಕ್ ಎನ್ನುತ್ತೇವೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್‌ಗೇಟುಗಳಲ್ಲಿ ಒಂದು ಕೊಚ್ಚಿಹೋದಾಗ, ಎಷ್ಟೋ ದಿನ ಎಲ್ಲರ ಬಾಯಲ್ಲೂ ಇದ್ದುದು 19ನೆಯ ಗೇಟು. ಲೆಕ್ಕ ಬೇಕು, ನಿಜ. ಲೆಕ್ಕವಿಲ್ಲದೆ ರೈತನಿಗೆ ನೀರು ಹಂಚಲಾಗದು. ಆದರೆ ಟಿಎಂಸಿಯನ್ನು ಯಾರೂ ಪ್ರೀತಿಸಲಾರರು. ಆರಂಭದಲ್ಲಿ 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದಿದೆ. ಅಂಕಿಗಳು ಕಡಿಮೆಯಾದುದನ್ನು ನಾವು ಓದಿದೆವು, ಪುಟ ಮಗುಚಿದೆವು. ನಮ್ಮ ಮನೆಯ ಹಿರಿಯಳು ಸೊರಗಿದ್ದಾಳೆ ಎಂದು ಯಾರಿಗೂ ಅನಿಸಲಿಲ್ಲ.

ಪವಿತ್ರ ಗ್ರಂಥವು ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿದೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಆದಾಮನು ಪ್ರಾಣಿಪಕ್ಷಿಗಳಿಗೆ ಹೆಸರಿಡುವ ಮುನ್ನವೇ ಏದೆನಿನಿಂದ ಹರಿದ ನಾಲ್ಕು ನದಿಗಳ ಹೆಸರುಗಳು ಬಂದುಬಿಡುತ್ತವೆ. ಮನುಷ್ಯನು ಬಾಯಿ ತೆರೆಯುವುದಕ್ಕೆ ಮೊದಲೇ ನದಿಗಳಿಗೆ ಹೆಸರಿದೆ. ವಿಮೋಚನಕಾಂಡದಲ್ಲಿ ಕಹಿನೀರಿನ ಜಾಗಕ್ಕೆ ಮಾರಾ ಎಂದೂ ಜನರು ನೀರಿಗಾಗಿ ಜಗಳವಾಡಿದ ಜಾಗಕ್ಕೆ ಮೆರೀಬಾ ಎಂದೂ ಹೆಸರಾಯಿತು. ತಮ್ಮ ತಪ್ಪನ್ನೂ ನೀರಿನ ಹೆಸರಿನಲ್ಲಿ ಬರೆದಿಟ್ಟ ಜನಾಂಗ ಅದು.

ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇಸಾಕನ ವೃತ್ತಾಂತ. ಆದಿಕಾಂಡದ 26ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಅಬ್ರಹಾಮನು ತೋಡಿಸಿದ್ದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು. ಇಸಾಕನು ಅವುಗಳನ್ನು ಮತ್ತೆ ತೋಡಿಸಿದನು. ಅಷ್ಟಕ್ಕೇ ನಿಲ್ಲದೆ, ತಂದೆ ಆ ಬಾವಿಗಳಿಗೆ ಇಟ್ಟಿದ್ದ ಹೆಸರುಗಳನ್ನೇ ಅವುಗಳಿಗೆ ಮರಳಿ ಇಟ್ಟನು. ಅನಂತರ ಹೊಸ ಬಾವಿಗಳಿಗಾಗಿ ನೆರೆಯವರೊಡನೆ ವ್ಯಾಜ್ಯವಾದಾಗ ಒಂದಕ್ಕೆ ಜಗಳ, ಮತ್ತೊಂದಕ್ಕೆ ಹಗೆತನ ಎಂಬ ಅರ್ಥದ ಹೆಸರುಗಳು ಬಂದವು. ಕೊನೆಗೆ ಯಾರೂ ಜಗಳವಾಡದ ಬಾವಿಗೆ ವಿಶಾಲಸ್ಥಳ ಎಂಬ ಅರ್ಥದಲ್ಲಿ ರೆಹೋಬೋತ್ ಎಂದು ಹೆಸರಿಟ್ಟನು. ಇಲ್ಲಿ ಎರಡು ಕೆಲಸಗಳಿವೆ: ಮಣ್ಣು ತೆಗೆಯುವುದು ಮತ್ತು ಹೆಸರು ಉಳಿಸುವುದು. ಹೆಸರು ಉಳಿಸಿ ಮಣ್ಣು ತೆಗೆಯದಿದ್ದರೆ ಬಾಯಾರಿಕೆ ತೀರುವುದಿಲ್ಲ. ಮಣ್ಣು ತೆಗೆದು ಹೆಸರು ಮರೆತರೆ ಮುಂದಿನ ತಲೆಮಾರು ಅದನ್ನು ಮತ್ತೆ ಮುಚ್ಚುತ್ತದೆ.

ಈ ಎರಡೂ ಕೆಲಸಗಳು ಒಂದಾಗುವುದನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. ಕೊಪ್ಪಳದ ಹಿರೇಹಳ್ಳ ಹೂಳು, ಕಸ ಮತ್ತು ಜಾಲಿಯಿಂದ ಮುಚ್ಚಿಹೋಗಿತ್ತು. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಅದನ್ನು ಸ್ವಚ್ಛಗೊಳಿಸಿದರು. ಯಂತ್ರವಿದ್ದವರು ಯಂತ್ರ ತಂದರು, ಹಣವಿದ್ದವರು ಹಣ ಕೊಟ್ಟರು, ಏನೂ ಇಲ್ಲದವರು ರಟ್ಟೆಯ ಬಲವನ್ನು ಕೊಟ್ಟರು. ಕುಷ್ಟಗಿಯ ನಿಡಶೇಸಿ ಕೆರೆಯಲ್ಲಿ, ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯಲ್ಲಿ ಕೂಡ ಹೂಳು ತೆಗೆದುದನ್ನು ನಾವು ಬಲ್ಲೆವು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಳ್ಳ ಹಾಳಾಗಿದ್ದರೂ ಅದರ ಹೆಸರು ಜನರ ಬಾಯಲ್ಲಿ ಸತ್ತಿರಲಿಲ್ಲ. ಹಿರೇ ಎಂದರೆ ಹಿರಿಯ. ಹಿರಿಯರೊಬ್ಬರು ಹಾಸಿಗೆ ಹಿಡಿದಿದ್ದಾರೆ, ಬನ್ನಿ ಎಂದು ಕರೆದಾಗ ಊರು ಎದ್ದು ಬಂದಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ನಮ್ಮ ರಾಜ್ಯದಲ್ಲಿಯೇ ಇದೆ. ಬೆಂಗಳೂರಿನ ಬಸವನಗುಡಿಯ ಬಳಿ ಹುಟ್ಟುವ ನದಿಯೊಂದಕ್ಕೆ ಹಿರಿಯರು ವೃಷಭಾವತಿ ಎಂಬ ಸುಂದರ ಹೆಸರಿಟ್ಟರು. ಇಂದು ಅನೇಕರಿಗೆ ಅದು ಕೆಂಗೇರಿ ಮೋರಿ. ನದಿಗೆ ಹೊಲಸು ಬಿಡಲು ಮನಸ್ಸು ಅಳುಕಬಹುದು. ಮೋರಿಗೆ ಬಿಡಲು ಯಾರ ಮನಸ್ಸೂ ಅಳುಕುವುದಿಲ್ಲ, ಮೋರಿ ಇರುವುದೇ ಅದಕ್ಕಾಗಿ ತಾನೆ! ಹೆಸರು ಮೊದಲು ಸತ್ತಿತೋ, ನದಿ ಮೊದಲು ಸತ್ತಿತೋ ಹೇಳುವುದು ಕಷ್ಟ. ಆದರೆ ಎರಡೂ ಒಂದನ್ನೊಂದು ಕೈಹಿಡಿದು ಗುಂಡಿಗೆ ಇಳಿದವು. ನಮ್ಮ ತರಗತಿಯ ಹುಡುಗನ ಗಟಾರವೂ ಅದೇ ದಾರಿಯಲ್ಲಿದೆ.

ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ನದಿಯ ಒಂದು ಭಾಗಕ್ಕೆ ಮತ್ಸ್ಯತೀರ್ಥ ಎಂದು ಹೆಸರು. ದೇವಾಲಯದ ಮುಂದಿನ ಆ ನೀರಿನಲ್ಲಿ ಮೀನು ಹಿಡಿಯುವಂತಿಲ್ಲ. 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದರು. ಆ ಊರು ಅದನ್ನು ಸಾಮಾನ್ಯ ಅಪರಾಧವೆಂದು ಮರೆಯಲಿಲ್ಲ. ಸತ್ತ ಮೀನುಗಳಿಗೆ ಸ್ಮಾರಕ ನಿಲ್ಲಿಸಿತು. ತೀರ್ಥ ಎಂಬ ಹೆಸರಿಲ್ಲದ ನೀರಿನಲ್ಲಿ ಅಷ್ಟೇ ಮೀನುಗಳು ಸತ್ತಿದ್ದರೆ ಯಾರು ಅಳುತ್ತಿದ್ದರು?

ನಮ್ಮ ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು ರಾಜ್ಯ ಸರಕಾರವು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಹಂಪೆ, ವಿರೂಪಾಪುರಗಡ್ಡೆ, ಆನೆಗೊಂದಿಗಳ ನಡುವೆ ಹರಿಯುವ ನೀರು ಇದರಲ್ಲಿಯೇ ಬರುತ್ತದೆ. ಇಂಥ ಮೀಸಲು ಪ್ರದೇಶವನ್ನು ಸ್ಥಳೀಯರೊಡನೆ ಸಮಾಲೋಚಿಸಿ ಘೋಷಿಸಬೇಕು, ಅದರ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರಬೇಕು ಎಂಬುದು ವನ್ಯಜೀವಿ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯ ಆಶಯ. ಅಂದರೆ ಕಾವಲು ಜನರದ್ದೇ. ಈಗ ಒಂದು ಪ್ರಾಯೋಗಿಕ ಪ್ರಶ್ನೆ ಕೇಳುತ್ತೇನೆ. ಯಾರೋ ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದಾರೆ, ಯಾರೋ ರಾತ್ರಿ ಮರಳು ತೆಗೆಯುತ್ತಿದ್ದಾರೆ ಎಂದು ದೂರು ಕೊಡಬೇಕು. ಎಲ್ಲಿ ಎಂದು ಬರೆಯುವಿರಿ? ಮೀನುಗಾರ ಹಿರಿಯರಿಗೆ ಪ್ರತಿ ಮಡು, ಪ್ರತಿ ಬಂಡೆ, ಪ್ರತಿ ಸುಳಿಯ ಗುರುತು ಹೆಸರಿನಿಂದಲೇ ಇರುತ್ತದೆ. ಚಕ್ರತೀರ್ಥ ಎಂದಾಗ ಅಲ್ಲಿ ನೀರು ತಿರುಗುವುದು ಕಣ್ಣಿಗೆ ಕಟ್ಟುತ್ತದೆ. ಆ ಹೆಸರುಗಳು ಅವರೊಡನೆ ಮಣ್ಣಾದರೆ ನಮ್ಮ ದೂರಿಗೆ ವಿಳಾಸವೇ ಇರುವುದಿಲ್ಲ. ಹೆಸರಿಲ್ಲದ ಜಾಗಕ್ಕೆ ಕಾವಲುಗಾರನನ್ನು ಕಳುಹಿಸಲು ಸಾಧ್ಯವಿಲ್ಲ.

ಇಲ್ಲಿ ಮೂರು ಆಕ್ಷೇಪಗಳು ಏಳಬಹುದು. ಮೊದಲನೆಯದು ತತ್ತ್ವಶಾಸ್ತ್ರದ ಆಕ್ಷೇಪ. ಹೆಸರು ಮನುಷ್ಯ ಇಟ್ಟದ್ದು, ವಸ್ತುವಿಗೂ ಅದಕ್ಕೂ ಏನು ಸಂಬಂಧ? ಗ್ರೀಕ್ ತತ್ತ್ವಜ್ಞಾನಿ ಹೆರಾಕ್ಲಿಟಸನು ಒಂದೇ ನದಿಗೆ ಎರಡು ಸಲ ಇಳಿಯಲಾಗದು ಎಂದರೆ, ಕ್ರಾಟಿಲಸನು ಒಂದು ಸಲವೂ ಇಳಿಯಲಾಗದು ಎಂದನಂತೆ. ಎಲ್ಲವೂ ಹರಿದುಹೋಗುತ್ತಿರುವಾಗ ಯಾವ ಹೆಸರೂ ನಿಲ್ಲದೆಂದು ಕೊನೆಗೆ ಮಾತನ್ನೇ ಬಿಟ್ಟು ಬೆರಳನ್ನು ಮಾತ್ರ ಆಡಿಸುತ್ತಿದ್ದನೆಂದು ಅರಿಸ್ಟಾಟಲನು ಹೇಳುತ್ತಾನೆ. ಗುರುಮಠದಲ್ಲಿ ಇದನ್ನು ಓದಿದಾಗ ನಗು ಬಂದಿತ್ತು. ಈಗ ತಿಳಿಯುತ್ತದೆ: ನೀರು ಪ್ರತಿಕ್ಷಣ ಬದಲಾಗುವುದರಿಂದಲೇ ಹೆಸರು ಬೇಕು. ಅಜ್ಜ ಕಂಡ ನೀರು ಸಮುದ್ರ ಸೇರಿದೆ, ಮೊಮ್ಮಗ ಕಾಣುವ ನೀರು ಇನ್ನೂ ಮೋಡದಲ್ಲಿದೆ. ಇಬ್ಬರನ್ನೂ ಒಂದೇ ದಡದಲ್ಲಿ ನಿಲ್ಲಿಸುವುದು ಹೆಸರು ಮಾತ್ರ.

ಎರಡನೆಯ ಆಕ್ಷೇಪ ನಮ್ಮ ಮನೆಗಳಲ್ಲಿಯೇ ಕೇಳಿಬರುತ್ತದೆ. ಪಂಪಾ, ಗಂಗಾ ಎಂಬವು ಅನ್ಯಧರ್ಮದ ದೇವತೆಗಳ ಹೆಸರುಗಳಲ್ಲವೆ, ಕಥೋಲಿಕರಾದ ನಮಗೇಕೆ ಎಂಬುದು. ಬಾಂಧವರೇ, ಗಂಗಾವತಿ ಎಂದು ವಿಳಾಸ ಬರೆಯುವಾಗ ನಮಗೆ ಈ ಸಂಕೋಚ ಬರಲಿಲ್ಲವಲ್ಲ! ಹೆಸರು ಹೇಳುವುದು ಆರಾಧನೆಯಲ್ಲ. ಆರಾಧನೆ ಸೃಷ್ಟಿಕರ್ತನಿಗೆ ಮಾತ್ರ ಸಲ್ಲುತ್ತದೆ, ಆದರೆ ಗೌರವ ಸೃಷ್ಟಿಗೂ ಸಲ್ಲಬೇಕು. ಸಂತ ಪೌಲನು ಅಥೆನ್ಸ್ ನಗರದಲ್ಲಿ ಆ ಜನರ ಕವಿಗಳ ಮಾತನ್ನೇ ಆಧರಿಸಿ ಬೋಧಿಸಲು ಹಿಂಜರಿಯಲಿಲ್ಲ. ಅಸ್ಸಿಸಿಯ ಸಂತ ಫ್ರಾನ್ಸಿಸರು ನೀರನ್ನು ತಂಗಿಯೆಂದು ಕರೆದರು. ನೆರೆಯವರು ತಾಯಿ ಎನ್ನುತ್ತಾರೆ, ಸಂತರು ತಂಗಿ ಎಂದರು. ತಾಯಿಯ ಮೇಲೆ ಆಗಲಿ, ತಂಗಿಯ ಮೇಲೆ ಆಗಲಿ ಕಸ ಎಸೆಯುವವರು ಯಾರು?

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಪವಿತ್ರ ಹೆಸರು ನದಿಯನ್ನು ಉಳಿಸಿದೆಯೇ? ತುಂಗಾಪಾನ, ಗಂಗಾಸ್ನಾನ ಎಂಬ ಗಾದೆಯನ್ನು ಹೇಳುತ್ತಲೇ ನಾವು ತುಂಗೆಗೆ ಚರಂಡಿ ಬಿಟ್ಟಿದ್ದೇವೆ. 2024ರ ನವೆಂಬರ್‌ನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರಿಗಳು ಶೃಂಗೇರಿಯಿಂದ ಗಂಗಾವತಿ ಬಳಿಯ ಕಿಷ್ಕಿಂಧೆಯತ್ತ ಹೊರಡಬೇಕಾಯಿತು ಎಂಬುದೇ ಹೆಸರೊಂದೇ ಸಾಲದು ಎಂಬುದಕ್ಕೆ ಸಾಕ್ಷಿ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಕರ್ತರೇ ಕರ್ತರೇ ಎಂದು ಕರೆಯುವವರೆಲ್ಲ ಸ್ವರ್ಗರಾಜ್ಯ ಸೇರುವುದಿಲ್ಲವೆಂದು ಪ್ರಭುವೇ ಎಚ್ಚರಿಸಿಲ್ಲವೆ? ಹೆಸರು ಕರೆಯುವುದು ಹೊಣೆಯ ಆರಂಭವೇ ಹೊರತು ಹೊಣೆಯ ಮುಕ್ತಾಯವಲ್ಲ. ಇಸಾಕನ ಕೈಯಲ್ಲಿ ಗುದ್ದಲಿಯೂ ಇತ್ತು.

ನ್ಯೂಜಿಲೆಂಡಿನ ವಾಂಗನೂಯಿ ನದಿಗೆ ಅಲ್ಲಿಯ ಸಂಸತ್ತು 2017ರಲ್ಲಿ ಕಾನೂನಿನ ವ್ಯಕ್ತಿತ್ವವನ್ನು ನೀಡಿ, ಮಾವೋರಿ ಭಾಷೆಯ ಹೆಸರಿನಿಂದಲೇ ಅದನ್ನು ಗುರುತಿಸಿತು. ನದಿಯ ಪರವಾಗಿ ಮಾತನಾಡಲು ಇಬ್ಬರನ್ನು ನೇಮಿಸುವ ಏರ್ಪಾಡೂ ಆ ಕಾನೂನಿನಲ್ಲಿದೆ. ಆ ಜನರು ತಮ್ಮ ನದಿಯನ್ನು ಪೂರ್ವಿಕಳೆಂದು ಕರೆಯುವುದನ್ನು ಬಿಟ್ಟಿರಲಿಲ್ಲ. ಕಾನೂನು ಬಹಳ ತಡವಾಗಿ ಅದನ್ನು ಒಪ್ಪಿಕೊಂಡಿತು. ಜಗದ್ಗುರು ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದ 84ನೆಯ ಪರಿಚ್ಛೇದದಲ್ಲಿ, ದೇವರೊಡನೆ ನಮ್ಮ ಸ್ನೇಹದ ಇತಿಹಾಸವು ಯಾವಾಗಲೂ ನಿರ್ದಿಷ್ಟ ಸ್ಥಳಗಳಿಗೆ ಅಂಟಿಕೊಂಡಿರುತ್ತದೆ ಎಂಬ ಅರ್ಥದ ಮಾತನ್ನು ಹೇಳಿದ್ದಾರೆ. ಬಾಲ್ಯದಲ್ಲಿ ನೀರು ಕುಡಿದ ಒರತೆಯ ಬಳಿಗೆ ಮರಳಿದವನು ತನ್ನನ್ನೇ ಮರಳಿ ಪಡೆಯುತ್ತಾನೆ ಎಂಬುದು ಅವರ ಭಾವ. ನಮ್ಮ ಮಕ್ಕಳಿಗೆ ಹಾಗೆ ಮರಳಲು ಹೆಸರುಳ್ಳ ಒಂದು ಒರತೆಯನ್ನಾದರೂ ಉಳಿಸುವೆವೇ?

ಆದ್ದರಿಂದ ನಮ್ಮ ಧರ್ಮಕೇಂದ್ರಗಳ ಮುಂದೆ ಕೆಲವು ಸರಳ ಸಲಹೆಗಳನ್ನಿಡುತ್ತೇನೆ. ಧರ್ಮೋಪದೇಶದ ಮಕ್ಕಳು ತಮ್ಮ ಊರಿನ ಹಿರಿಯರ ಬಳಿ, ಯಾವ ಧರ್ಮದವರಾದರೂ ಸರಿ, ಹೋಗಿ ಸುತ್ತಲಿನ ಹಳ್ಳ, ಕೆರೆ, ಬಾವಿ, ಮಡುಗಳ ಹೆಸರುಗಳನ್ನೂ ಅವುಗಳ ಕಥೆಗಳನ್ನೂ ಬರೆದುಕೊಂಡು ಬರಲಿ. ದೇವಾಲಯದ ಹತ್ತಿರದ ಹಳ್ಳಕ್ಕೆ, ಪಂಚಾಯಿತಿಯ ಒಪ್ಪಿಗೆಯಿಂದ, ಅದರ ಹಳೆಯ ಹೆಸರಿನ ಒಂದು ಫಲಕ ಹಾಕೋಣ. ಹೂಳು ತೆಗೆಯುವ ಕೆಲಸವನ್ನು ಮಠದವರಾಗಲಿ, ಮಸೀದಿಯವರಾಗಲಿ, ಯುವಕ ಸಂಘದವರಾಗಲಿ ಆರಂಭಿಸಿದಾಗ ನಮ್ಮದೇ ಬೇರೆ ಬ್ಯಾನರ್ ಕಟ್ಟದೆ ಅವರೊಡನೆ ಬುಟ್ಟಿ ಹೊರೋಣ. ಹಬ್ಬದ ಊಟದ ಮರುದಿನ ಪ್ಲಾಸ್ಟಿಕ್ ತಟ್ಟೆಲೋಟಗಳು ಯಾವ ಹಳ್ಳವನ್ನು ಸೇರುತ್ತವೆ ಎಂಬುದನ್ನು ಹಬ್ಬದ ಸಮಿತಿಯವರು ಒಮ್ಮೆ ನಡೆದು ನೋಡಲಿ. ಈ ಕೊನೆಯ ಮಾತನ್ನು ಮೊದಲು ನನಗೇ ಹೇಳಿಕೊಂಡಿದ್ದೇನೆ.

ಪಾಸ್ಖ ಹಬ್ಬದ ಜಾಗರಣೆಯ ರಾತ್ರಿ ನಾವು ಸಂತರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತೇವೆ. ಬಳಿಕ ನೀರನ್ನು ಆಶೀರ್ವದಿಸುವಾಗ ಸೃಷ್ಟಿಯ ಆದಿಯ ಜಲವನ್ನು, ಜಲಪ್ರಳಯವನ್ನು, ಕೆಂಪು ಸಮುದ್ರವನ್ನು, ಜೋರ್ಡನ್ ನದಿಯನ್ನು ಸ್ಮರಿಸುತ್ತೇವೆ. ಮುಂದಿನ ಪಾಸ್ಖ ಜಾಗರಣೆಗೆ ಮುನ್ನ, ಆ ಪಾತ್ರೆಯಲ್ಲಿರುವ ನೀರು ಎಲ್ಲಿಂದ ಬಂದಿತು ಎಂಬುದನ್ನು ಪ್ರತಿ ಧರ್ಮಕೇಂದ್ರದಲ್ಲಿಯೂ ಒಂದು ಮಗು ಎದ್ದುನಿಂತು ಹೇಳಲಿ: ಇದು ತುಂಗಭದ್ರೆಯ ನೀರು, ಇದು ಇಂಥ ಕೆರೆಯ ನೀರು, ಇದು ಇಂಥ ಬಾವಿಯ ನೀರು. ನನ್ನ ತರಗತಿಯ ಆ ಹುಡುಗ ಈಗ ಬೆಳೆದು ಯುವಕನಾಗಿದ್ದಾನೆ. ಹಳ್ಳದ ನಿಜವಾದ ಹೆಸರನ್ನು ನಾನಿನ್ನೂ ಹುಡುಕುತ್ತಿದ್ದೇನೆ. ಆ ದಂಡೆಯಲ್ಲಿ ಬಟ್ಟೆ ಒಗೆದು ಬೆಳೆದ ಹಿರಿಯ ಅಮ್ಮಂದಿರು ಕೆಲವರು ಊರಿನಲ್ಲಿ ಇನ್ನೂ ಇದ್ದಾರೆ. ಬರುವ ಭಾನುವಾರ ಬಲಿಪೂಜೆಯ ನಂತರ ಅವರ ಮನೆಗಳಿಗೆ ಹೋಗಬೇಕೆಂದಿದ್ದೇನೆ. ಬರುವವರು ಜೊತೆಗೆ ಬನ್ನಿ.